ಒಂದು ಕಿಲೋ ಕೂಸಿಗೆ ಯಾವ ಪೂರ್ವಜನ್ಮದ ಕರ್ಮ?


*ಇಂದಿನ ಧಮ್ಮ ಚಿಂತನೆ*



ನಾನು ಜೊಯಿಡಾ ತಾಲೂಕಿನಲ್ಲಿ ಆಶಾ ಕಾರ್ಯಕರ್ತೆ. ಹೆರಿಗೆಯಾದ ಮನೆಗಳಿಗೆ 3, 7, 14, 21, 28 ಮತ್ತು 42ನೇ ದಿನ ಹೋಗಿ ಕೂಸಿನ ತೂಕ, ಮೈಬಿಸಿ ನೋಡುವುದು ನನ್ನ ಕೆಲಸ. ಕುಣಬಿ, ಗೌಳಿ, ಸಿದ್ದಿ ಮನೆಗಳಿಗೂ ಹೋಗುತ್ತೇನೆ, ನಮ್ಮ ಕೇರಿಗೂ ಹೋಗುತ್ತೇನೆ. ತಿಂಗಳು ತುಂಬದೆ ಹುಟ್ಟಿದ ಕೂಸಿರುವ ಮನೆಯಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಯಾವ ಜನ್ಮದ ಪಾಪವೋ ಏನೋ!" ದೀಕ್ಷೆ ತೆಗೆದುಕೊಂಡ ನಮ್ಮ ಮನೆಗಳಿಂದಲೂ ಈ ಮಾತು ಇನ್ನೂ ಹೋಗಿಲ್ಲ. ಅದಕ್ಕೇ ಇಂದು ಇದನ್ನು ಪಾಠಕ್ಕೆ ತೆಗೆದುಕೊಂಡಿದ್ದೇನೆ.

*ಬುದ್ಧರು ಹೇಳಿದ್ದೇನು?*

ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧರಲ್ಲಿ ಒಂದು ಪ್ರಶ್ನೆ ಇಡುತ್ತಾನೆ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಎನ್ನುವವರಿದ್ದಾರೆ, ತಾವೇನು ಹೇಳುತ್ತೀರಿ ಎಂಬುದು ಅವನ ಪ್ರಶ್ನೆ. ಬುದ್ಧರು ಕಾರಣಗಳನ್ನು ಒಂದೊಂದಾಗಿ ಎಣಿಸುತ್ತಾರೆ: ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತು ಬದಲಾದದ್ದು, ಆರೈಕೆ ತಪ್ಪಿದ್ದು, ಹೊರಗಿನಿಂದ ಬಿದ್ದ ಪೆಟ್ಟು. ಕರ್ಮಫಲ ಬರುವುದು ಎಂಟನೆಯದಾಗಿ, ಕೊನೆಗೆ. ಎಲ್ಲವೂ ಪೂರ್ವಕರ್ಮವೇ ಎನ್ನುವವರು ಕಣ್ಣಿಗೆ ಕಂಡ ಸತ್ಯವನ್ನೇ ಮೀರುತ್ತಾರೆ ಎಂಬುದು ಅವರ ಉತ್ತರ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಡವರ, ತುಳಿತಕ್ಕೊಳಗಾದವರ ಸ್ಥಿತಿಗೆ ಹಿಂದಿನ ಜನ್ಮವೇ ಕಾರಣ ಎಂದು ಹೇಳಿಬಿಟ್ಟರೆ ಸರ್ಕಾರವೂ ಸಮಾಜವೂ ತಮ್ಮ ಹೊಣೆಯಿಂದ ಜಾರಿಕೊಳ್ಳುತ್ತವೆ ಎಂದು ತೋರಿಸಿದರು.

*ಹಾಗಾದರೆ ಕೂಸು ಉಳಿಯುವುದು ಯಾವುದರಿಂದ?*

37 ವಾರ ತುಂಬುವ ಮೊದಲು ಹುಟ್ಟಿದ ಕೂಸು ಅವಧಿಪೂರ್ವ ಕೂಸು. 28 ವಾರಕ್ಕೂ ಮೊದಲೇ ಹುಟ್ಟಿದರೆ ತೂಕ ಸಾಮಾನ್ಯವಾಗಿ ಒಂದು ಕಿಲೋದ ಆಸುಪಾಸು, ಕೆಲವೊಮ್ಮೆ ಅದಕ್ಕೂ ಬಹಳ ಕಡಿಮೆ. ಅದಕ್ಕೆ ಬೇಕಾದದ್ದು ಮುಖ್ಯವಾಗಿ ಮೂರು.

*1. ಉಸಿರು.* ಬಲಿಯದ ಶ್ವಾಸಕೋಶದ ಗಾಳಿಚೀಲಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ 1963ರ ಆಗಸ್ಟ್‌ನಲ್ಲಿ ಐದೂವರೆ ವಾರ ಮೊದಲೇ ಹುಟ್ಟಿದ. ತೂಕ ಎರಡು ಕಿಲೋಗೂ ಹೆಚ್ಚಿತ್ತು. ಆದರೂ 39 ಗಂಟೆಯಷ್ಟೇ ಬದುಕಿದ. ಅವನ ಮನೆಯಲ್ಲಿ ಹಣವಿತ್ತು, ಅಧಿಕಾರವಿತ್ತು, ಔಷಧ ಮಾತ್ರ ಲೋಕದಲ್ಲೇ ಇರಲಿಲ್ಲ. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು, ಹೆರಿಗೆಗೆ ಮೊದಲು ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ತೋರಿಸಿದರು. 1980ರಲ್ಲಿ ಜಪಾನಿನ ಫುಜಿವಾರಾ ಸರ್ಫ್ಯಾಕ್ಟಂಟ್ ಔಷಧವನ್ನು ಕೂಸಿನ ಶ್ವಾಸಕೋಶಕ್ಕೇ ಹಾಕಿ ಗೆದ್ದರು. ಇಂದು ಪ್ಯಾಟ್ರಿಕ್‌ನಂಥ ಕೂಸು ಜಿಲ್ಲಾ ಆಸ್ಪತ್ರೆಯಲ್ಲೂ ಉಳಿಯಬಲ್ಲದು. ಕರ್ಮ ಬದಲಾಯಿತೇ? ಇಲ್ಲ, ಕಾರಣ ತಿಳಿಯಿತು.

*2. ಬಿಸುಪು.* ಚರ್ಮದ ಕೆಳಗೆ ಕೊಬ್ಬಿಲ್ಲದ ಕೂಸು ಬೇಗ ತಣ್ಣಗಾಗುತ್ತದೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್ ಸಾಲದಾದಾಗ ಡಾ. ಎಡ್ಗರ್ ರೇ ಕೂಸುಗಳನ್ನು ತಾಯಂದಿರ ಬರಿ ಎದೆಗೇ ಕಟ್ಟಿಸಿದರು. ಅದೇ ಕಾಂಗರೂ ತಾಯಿ ಆರೈಕೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ, 1ರಿಂದ 1.8 ಕಿಲೋ ತೂಕದ ಕೂಸುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಕೊಟ್ಟಾಗ ಸಾವು ಶೇ 25ರಷ್ಟು ಇಳಿಯಿತು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಇದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಬೇರೂರಿಸುವ ಕೆಲಸ ಮಾಡಿದ್ದಾರೆ.

*3. ಹಾಲು.* ಚೀಪಲು ಶಕ್ತಿಯಿಲ್ಲದ ಕೂಸಿಗೆ ತಾಯಿಯ ಹಾಲನ್ನೇ ಹಿಂಡಿ ಮೊದಲು ನಳಿಕೆಯಲ್ಲಿ, ಆಮೇಲೆ ಒಳಲೆಯಲ್ಲಿ ಕೊಡುತ್ತಾರೆ. ಸಿದ್ಧಾರ್ಥ ಹುಟ್ಟಿದ ಏಳನೇ ದಿನಕ್ಕೆ ಮಹಾಮಾಯೆ ತೀರಿಕೊಂಡರು. ಎದೆಹಾಲು ಕೊಟ್ಟು ಬೆಳೆಸಿದವರು ಮಹಾಪ್ರಜಾಪತಿ ಗೌತಮಿ. ಚಿಕ್ಕಮ್ಮನ ಹಾಲಿನಿಂದ ಬದುಕಿದ ಕೂಸೇ ಮುಂದೆ ಬುದ್ಧರಾದರು.

ಕಳೆದ ಮಳೆಗಾಲದಲ್ಲಿ ಏಳು ತಿಂಗಳ ಕೂಸೊಂದು ಐದು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂತು. ಅಜ್ಜಿ ಸೊಸೆಯ ಕಡೆ ನೋಡಿ ಅದೇ ಪಾಪದ ಮಾತು ತೆಗೆದರು. "ಅಜ್ಜೀ, ಪಾಪದ ಲೆಕ್ಕ ಇರಲಿ, ಕೂಸನ್ನು ನಿಮ್ಮ ಎದೆಗೆ ಹಚ್ಚಿಕೊಳ್ರಿ, ಅವಳು ಎರಡು ತಾಸು ಮಲಗಲಿ" ಎಂದೆ. ಅಜ್ಜಿ ಹಚ್ಚಿಕೊಂಡರು. ರಾತ್ರಿ ಕೂಸಿನ ಅಪ್ಪನೂ ಹಚ್ಚಿಕೊಂಡ. ಪ್ರತಿ ಭೇಟಿಗೂ ತೂಕ ಏರುತ್ತಾ ಹೋಯಿತು. ಆಮೇಲೆ ಆ ಮನೆಯಲ್ಲಿ ಪಾಪದ ಮಾತು ನಾನು ಕೇಳಿಲ್ಲ.

*ಹೊಣೆ ಯಾರದು?*

32 ವಾರದೊಳಗೆ ಹುಟ್ಟಿದ ಕೂಸುಗಳಲ್ಲಿ ಬಡ ದೇಶಗಳಲ್ಲಿ ಅರ್ಧದಷ್ಟು ಸಾಯುತ್ತವೆ, ಶ್ರೀಮಂತ ದೇಶಗಳಲ್ಲಿ ಬಹುತೇಕ ಎಲ್ಲವೂ ಬದುಕುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಾಪ ಮಾಡಿದ ಕೂಸುಗಳೆಲ್ಲ ಹುಡುಕಿಕೊಂಡು ಬಡ ದೇಶಗಳಲ್ಲೇ ಹುಟ್ಟುತ್ತವೆಯೇ?

ನಮ್ಮ ತಾಲೂಕನ್ನೇ ನೋಡಿ. ಕಾಡಿನೊಳಗಿನ ಎಷ್ಟೋ ಊರುಗಳಲ್ಲಿ 108ಕ್ಕೆ ಕರೆ ಮಾಡಲು ನೆಟ್‌ವರ್ಕ್ ಇರುವ ದಿಬ್ಬ ಹತ್ತಬೇಕು. ಕಾರವಾರಕ್ಕೆ ಹೋಗಲು ಅಣಶಿ ಘಟ್ಟ ಇಳಿಯಬೇಕು, ಮಳೆಗೆ ಗುಡ್ಡ ಕುಸಿದರೆ ಆ ದಾರಿಯೂ ಬಂದ್. ಹುಬ್ಬಳ್ಳಿಯೂ ದೂರ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಹೋರಾಡಿದ್ದು ಇದಕ್ಕೇ. ದಾರಿ, ಗಾಡಿ, ಚುಚ್ಚುಮದ್ದು ಇವೇ ಇಲ್ಲಿನ ಹೇತು-ಪ್ರತ್ಯಯಗಳು.

ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನ ಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆಯ ಪರ ಮಾತಾಡಿದರು. ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ವೆಚ್ಚದ ಬಹುಪಾಲನ್ನು ಸರ್ಕಾರವೇ ಹೊರಬೇಕು ಎಂದು ವಾದಿಸಿದರು. ಇಂದು ಕಚೇರಿಯಲ್ಲಿ ದುಡಿಯುವವರಿಗೆ 26 ವಾರದ ರಜೆ ಇದೆ. ಗದ್ದೆಯಲ್ಲಿ ನಾಟಿ ಮಾಡುವ, ಕಟ್ಟಿಗೆ ಹೊರುವ ನಮ್ಮ ತಂಗಿಗೆ ಮೊದಲ ಹೆರಿಗೆಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ. ಆ ಕೆಲಸ ಇನ್ನೂ ಮುಗಿದಿಲ್ಲ.

*ಕೂಸು ಉಳಿಯದಿದ್ದಾಗ*

ಎಲ್ಲ ಮಾಡಿದರೂ ಕೆಲವು ಕೂಸುಗಳು ಉಳಿಯುವುದಿಲ್ಲ. ಬೇಗ ಹೆರಿಗೆಯಾಗಲು ರಕ್ತಹೀನತೆ, ಸೋಂಕು, ರಕ್ತದೊತ್ತಡ, ಅವಳಿ ಬಸಿರು ಹೀಗೆ ಹಲವು ಕಾರಣಗಳಿವೆ. ಎಷ್ಟೋ ಸಲ ಕಾರಣ ತಿಳಿಯುವುದೇ ಇಲ್ಲ. ತಿಳಿಯದ ಜಾಗದಲ್ಲಿ ತಾಯಿಯ ಪಾಪವನ್ನು ತಂದು ತುಂಬಬೇಡಿ. ರಮಾಬಾಯಿ ಮತ್ತು ಬಾಬಾಸಾಹೇಬರ ಐದು ಮಕ್ಕಳಲ್ಲಿ ಉಳಿದವರು ಯಶವಂತರೊಬ್ಬರೇ. 1926ರಲ್ಲಿ ಪುಟ್ಟ ರಾಜರತ್ನ ಹೋದಾಗ ಅವರಿಬ್ಬರೂ ಪಟ್ಟ ದುಃಖ ಸಣ್ಣದಲ್ಲ. ಮಾತೆ ರಮಾಯಿ ಪಾಪ ಮಾಡಿದ್ದರು ಎನ್ನಲು ನಮ್ಮಲ್ಲಿ ಯಾರ ನಾಲಿಗೆ ಏಳುತ್ತದೆ? ನಮ್ಮ ಕೇರಿಯ ತಾಯಿಗೂ ಅದೇ ಗೌರವ ಸಲ್ಲಬೇಕು.

*ಇಂದಿನ ಅಭ್ಯಾಸ*

🔹 ಬಸುರಿ ಇರುವ ಮನೆಗೆ ಹೋಗಿ ತಾಯಿ ಕಾರ್ಡ್ ನೋಡಿ. ತಪಾಸಣೆ ತಪ್ಪಿದ್ದರೆ ಜೊತೆಗೆ ಕರೆದುಕೊಂಡು ಹೋಗಿ.
🔹 ದಿನ ತುಂಬುವ ಮೊದಲೇ ನೋವು ಬಂದರೆ ಅಥವಾ ನೀರು ಹೋದರೆ ಕಾಯಬೇಡಿ. 24ರಿಂದ 34 ವಾರದೊಳಗಿದ್ದರೆ ಮೊದಲ ಸ್ಟಿರಾಯ್ಡ್ ಚುಚ್ಚುಮದ್ದನ್ನು ಎಎನ್‌ಎಂ ಸಿಸ್ಟರ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಬಹುದು ಎಂದು 2014ರ ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ಕೇಳಿ.
🔹 ಸಣ್ಣ ಕೂಸಿಗೆ ಸ್ನಾನದ ಅವಸರ ಬೇಡ. ಟೊಪ್ಪಿಗೆ ಹಾಕಿ, ಎದೆಗೆ ಹಚ್ಚಿಕೊಳ್ಳಿ. ಅಪ್ಪಂದಿರೂ ಹಚ್ಚಿಕೊಳ್ಳಿ.
🔹 ಕೂಸು ಕಳೆದುಕೊಂಡ ಮನೆಯಲ್ಲಿ 'ಕರ್ಮ' ಎಂಬ ಮಾತು ಬೇಡ. ಸುಮ್ಮನೆ ಪಕ್ಕದಲ್ಲಿ ಕೂತರೂ ಅದು ಕರುಣೆಯೇ.

ನಾಳೆ ಸಂಜೆಯ ವಂದನೆಯಲ್ಲಿ ಮೈತ್ರಿ ಭಾವನೆ ಮಾಡುವಾಗ ನಮ್ಮ ಊರಿನ ಬಸುರಿಯರನ್ನು ಒಬ್ಬೊಬ್ಬರಾಗಿ ನೆನೆಯೋಣ. ವಂದನೆ ಮುಗಿದ ಮೇಲೆ ಅವರಲ್ಲಿ ಯಾರ ಮನೆಗೆ ಯಾರು ಹೋಗುತ್ತೀರಿ ಎಂದು ಅಲ್ಲೇ ಹಂಚಿಕೊಳ್ಳೋಣ.

*ಭವತು ಸಬ್ಬ ಮಂಗಲಂ*
*ಸಾಧು! ಸಾಧು! ಸಾಧು!* 🙏