ಒಂದೇ ಜಾಲಿಗಿಡದ ಕೆಳಗೆ

ತಂಗೀ, ಹೋದ ವಾರ ಸಿರವಾರದ ಬಸ್‌ಸ್ಟ್ಯಾಂಡಿನಲ್ಲಿ ನೀನು ಹೇಳಿದ ಮಾತು ಇನ್ನೂ ನನ್ನ ತಲೆಯಲ್ಲೇ ಕೂತಿದೆ. ನಿನ್ನ ಶಾಲೆಯ ಮಕ್ಕಳನ್ನೂ ಅವರ ಮನೆಮಂದಿಯನ್ನೂ ಭಾನುವಾರ ಭಾನುವಾರ ಹಕ್ಕಿ ನೋಡಲು ಕರಕೊಂಡು ಹೋಗಬೇಕು, ಮೊದಲನೇ ಸಲ ಒಂದು ಬಸ್ಸು ಮಾಡಿ ಸುರಪುರ ತಾಲೂಕಿನ ಬೋನಾಳ ಕೆರೆಗೋ ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರಕ್ಕೋ ಹೋದರೆ ಹೆಂಗೆ ಅಂತ ಕೇಳಿದೆ. ಬಸ್ಸು ಬಂತೆಂಬ ಅವಸರದಲ್ಲಿ ‘ಛಲೋ ಆತು, ಹೋಗ್ರಿ’ ಅಂದುಬಿಟ್ಟೆ. ರಾತ್ರಿ ಮಲಗಿದಾಗ, ಅಷ್ಟೇ ಹೇಳಿ ಬಿಡಬಾರದಿತ್ತು ಅನಿಸಿತು.

ಆ ಎರಡು ಕೆರೆಗಳೂ ನೋಡತಕ್ಕವೇ. ಅಂಕಸಮುದ್ರವಂತೂ 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು, ಅಲ್ಲಿ ಬಣ್ಣದ ಕೊಕ್ಕರೆಗಳು ಸಾಲುಗಟ್ಟಿ ಗೂಡು ಕಟ್ಟುವುದನ್ನು ಜೀವಮಾನದಲ್ಲಿ ಒಮ್ಮೆಯಾದರೂ ನೋಡಬೇಕು. ಆದರೆ ಅಲ್ಲಿಂದ ಶುರು ಮಾಡಬೇಡ. ಆ ತಪ್ಪನ್ನು ನಾನು ಮಾಡಿದ್ದೇನೆ. ಬಹಳ ವರ್ಷದ ಹಿಂದೆ ನಲವತ್ತು ಮಕ್ಕಳನ್ನು ಎರಡು ಟೆಂಪೋದಲ್ಲಿ ತುಂಬಿಕೊಂಡು ದೂರದ ಕೆರೆಯೊಂದಕ್ಕೆ ಹೋದೆ. ಮುಟ್ಟುವಷ್ಟರಲ್ಲಿ ಹೊತ್ತು ಏರಿತ್ತು. ಮಕ್ಕಳು ಇಳಿದ ಸದ್ದಿಗೆ ದಂಡೆಯ ಹಕ್ಕಿಗಳೆಲ್ಲ ನಡುಗಡ್ಡೆಗೆ ಹಾರಿದವು. ಇದ್ದ ಒಂದು ದುರ್ಬೀನಿಗೆ ನಲವತ್ತು ಜನರ ಪಾಳಿ. ತನ್ನ ಪಾಳಿ ಬರುವ ಹೊತ್ತಿಗೆ ಒಬ್ಬ ಹುಡುಗಿ ಬಿಸಿಲಿಗೆ ವಾಂತಿ ಮಾಡಿಕೊಂಡಳು. ಮರುದಿನ ತರಗತಿಯಲ್ಲಿ ಏನು ನೋಡಿದಿರಿ ಅಂತ ಕೇಳಿದರೆ ಎಲ್ಲರೂ ಹೇಳಿದ್ದು ದಾರಿಯಲ್ಲಿ ತಿಂದ ಮಿರ್ಚಿಯ ಸುದ್ದಿ.

ಮುಂದಿನ ಭಾನುವಾರ ಆರೇ ಮಕ್ಕಳನ್ನು ಕರಕೊಂಡು ಊರ ಹೊರಗಿನ ಕಾಲುವೆ ದಂಡೆಗೆ ನಡಕೊಂಡು ಹೋದೆ. ನೀರಿನ ಮೇಲೆ ಬಾಗಿದ ಒಂದು ಜಾಲಿಗಿಡ, ಅದಕ್ಕೆ ಗೀಜಗನ ಗೂಡುಗಳು. ಅಲ್ಲೇ ಕೂತೆವು. ಮುಂದಿನ ವಾರವೂ ಅಲ್ಲೇ, ಅದರ ಮುಂದಿನ ವಾರವೂ ಅಲ್ಲೇ. ನನಗೆ ಗೊತ್ತಿರುವ ಹಕ್ಕಿಪಾಠದಲ್ಲಿ ಬಹುಪಾಲು ಆ ಒಂದು ಗಿಡದ ಕೆಳಗೆ ಕಲಿತದ್ದು. ನಿನಗೆ ಹೇಳಬೇಕಾದದ್ದೂ ಇದೊಂದೇ: ಜಾಗ ಬದಲಿಸಬೇಡ, ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗು.

ಗೀಜಗನನ್ನು ಹತ್ತಿರದಿಂದ ನೋಡಿದ್ದೀಯಾ? ಮಳೆಗಾಲ ಬಂತೆಂದರೆ ಗಂಡಿನ ನೆತ್ತಿ ಅರಿಶಿನ ಹಚ್ಚಿದಂತೆ ಹಳದಿಯಾಗುತ್ತದೆ. ಅದು ಭತ್ತದ ಗರಿಯ ಬುಡದಲ್ಲಿ ಕೊಕ್ಕಿನಿಂದ ಒಂದು ಕಚ್ಚು ಹಾಕಿ, ಆ ಎಳೆಯ ತುದಿ ಕಚ್ಚಿಕೊಂಡೇ ಹಾರುತ್ತದೆ. ಹಾರುವ ರಭಸಕ್ಕೆ ಗರಿ ಉದ್ದಕ್ಕೂ ಸೀಳಿ ನೂಲಾಗಿ ಬರುತ್ತದೆ. ಆ ನೂಲನ್ನು ಕಡ್ಡಿಗೆ ಸುತ್ತಿ, ಗಂಟು ಹಾಕಿ, ಮೊದಲು ಬಳೆಯಂಥ ಒಂದು ಉಂಗುರ ಮಾಡುತ್ತದೆ. ಆಮೇಲೆ ಅದು ಟೊಪ್ಪಿಗೆಯ ಆಕಾರಕ್ಕೆ ಬರುತ್ತದೆ. ಅಲ್ಲಿಗೆ ಕೆಲಸ ನಿಲ್ಲಿಸಿ, ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು, ಎಳೆ ಜಗ್ಗಿ ನೋಡುತ್ತದೆ. ಒಪ್ಪಿದರೆ ಗಂಡು ಮೊಟ್ಟೆಯ ಕೋಣೆ, ಕೊಳವೆ ಎಲ್ಲ ಮುಗಿಸುತ್ತದೆ. ಒಪ್ಪದಿದ್ದರೆ ಆ ಗೂಡು ಅರ್ಧಕ್ಕೇ ನಿಂತಿತು. ಗಿಡದಲ್ಲಿ ಅರ್ಧ ಕಟ್ಟಿದ ಗೂಡುಗಳು ಯಾಕೆ ಅಷ್ಟೊಂದು ಇವೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಬೇಡ, ಮೂರು ವಾರ ಕೂತರೆ ಅವರಿಗೇ ತಿಳಿಯುತ್ತದೆ. ಗೂಡಿನ ಒಳಗೋಡೆಗೆ ಹಸಿ ಮಣ್ಣಿನ ಉಂಡೆ ಮೆತ್ತುವುದನ್ನೂ ಒಬ್ಬರಾದರೂ ಕಂಡುಹಿಡಿಯುತ್ತಾರೆ. ಯಾಕೆ ಮೆತ್ತುತ್ತದೆ ಅಂತ ಮನೆಯಲ್ಲಿ ಅಜ್ಜಿಯನ್ನು ಕೇಳಿ ಬರಲಿ.

ಒಂದೇ ಜಾಗಕ್ಕೆ ಹೋಗು ಅನ್ನುವುದು ನನ್ನ ಹಟದ ಮಾತಲ್ಲ. ಪಕ್ಷಿತಜ್ಞ ಸಲೀಂ ಅಲಿ ಅವರು 1930ರಲ್ಲಿ ಕೈಯಲ್ಲಿ ನೌಕರಿ ಇಲ್ಲದೆ ಮುಂಬೈ ಹತ್ತಿರದ ಕಿಹೀಮ್ ಎಂಬ ಹಳ್ಳಿಯಲ್ಲಿದ್ದರು. ಮನೆಯ ಪಕ್ಕದ ಗಿಡದಲ್ಲಿ ಗೀಜಗಗಳು ಗೂಡು ಕಟ್ಟಿದ್ದವು. ಏಣಿಯ ತುದಿಯಲ್ಲಿ ಮರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಅದನ್ನೇ ನೋಡಿದರು. ಒಂದು ಹೆಣ್ಣು ಗೂಡು ಹಿಡಿದ ಮೇಲೆ ಗಂಡು ಇನ್ನೊಂದು ಗೂಡು ಕಟ್ಟಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ ಎಂದು ಅವರು ತಿಳಿದದ್ದು ಹಾಗೆ. ಮುಂದಿನ ವರ್ಷವೇ ಅವರು ನಿಜಾಮರ ಹೈದರಾಬಾದ್ ಸಂಸ್ಥಾನದ ಹಕ್ಕಿ ಸಮೀಕ್ಷೆಗೆ ಹೊರಟರು. ಆಗ ನಮ್ಮ ರಾಯಚೂರು ಅದೇ ಸಂಸ್ಥಾನದ ಜಿಲ್ಲೆ. ಇಡೀ ಸಂಸ್ಥಾನ ತಿರುಗುವ ಮೊದಲು ಆ ಮನುಷ್ಯ ಒಂದು ಗಿಡವನ್ನು ಪೂರ್ತಿ ನೋಡಿದ್ದರು ಎಂಬುದನ್ನು ಮಕ್ಕಳಿಗೆ ಹೇಳು.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡುವವರು ಸೇರುವ ಪದ್ಧತಿ 1970ರ ದಶಕದಿಂದ ನಡೆದುಬಂದಿದೆ. ಜೋಸೆಫ್ ಜಾರ್ಜ್ ಎಂಬ ಹಿರಿಯರು ಹಾಕಿಕೊಟ್ಟ ದಾರಿ ಅದು. ಜಾಗ ಒಂದೇ, ದಿನ ಒಂದೇ. ಯಾರು ಬಂದರೂ ಸರಿ, ಫೀಸಿಲ್ಲ, ಪರೀಕ್ಷೆಯಿಲ್ಲ. ಮಕ್ಕಳಾಗಿ ಬಂದವರು ಮುಂದೆ ತಮ್ಮ ಮಕ್ಕಳನ್ನು ಕರಕೊಂಡು ಬಂದರು. ನೀನೂ ಸಿರವಾರದಲ್ಲಿ ಅಂಥದೊಂದು ಭಾನುವಾರ ಹಿಡಿದು ಕೂರು. ಮೊದಲ ಮೂರು ತಿಂಗಳು ಯಾರೂ ಬರದಿದ್ದರೂ ನೀನು ಹೋಗಲೇಬೇಕು.

ನಮ್ಮ ಕಡೆ ನೋಡಲು ಏನಿದೆ ಅಂತ ಯಾರಾದರೂ ಅಂದರೆ ಭತ್ತದ ಗದ್ದೆಗೆ ಕರಕೊಂಡು ಹೋಗು. ನಾಟಿಗೆ ಟ್ರ್ಯಾಕ್ಟರ್ ಗದ್ದೆಗಿಳಿದಾಗ ಹಿಂದೆ ಬಿಳಿ ಹಕ್ಕಿಗಳ ದಂಡು. ಎಲ್ಲವನ್ನೂ ನಾವು ಬೆಳ್ಳಕ್ಕಿ ಅಂದುಬಿಡುತ್ತೇವೆ. ಕೊಕ್ಕು ನೋಡು ಅಂತ ಮಕ್ಕಳಿಗೆ ಹೇಳು. ಹಳದಿ ಕೊಕ್ಕಿನ ಗಿಡ್ಡನೆಯದು ದನದ ಹಿಂದೆ ಹೋಗುವ ಗೋವಕ್ಕಿ. ಕರಿ ಕೊಕ್ಕು, ಕರಿ ಕಾಲು, ತೆಳ್ಳನೆಯ ಮೈಯದು ಬೇರೆ. ಅದು ಕೆಸರಿನಿಂದ ಕಾಲೆತ್ತುವವರೆಗೆ ಕಾಯಿರಿ, ಪಾದ ಹಳದಿ ಕಾಲುಚೀಲ ಹಾಕಿದಂತೆ ಕಾಣುತ್ತದೆ. ಆ ಪಾದವನ್ನು ನೀರಲ್ಲಿ ಗಡಗಡ ನಡುಗಿಸಿ ಮೀನು ಹುಳು ಎಬ್ಬಿಸುತ್ತದೆ. ಇದನ್ನೊಮ್ಮೆ ಕಂಡ ಮಗು ಮುಂದೆ ಯಾವ ಹಕ್ಕಿಯನ್ನು ಕಂಡರೂ ಮೊದಲು ಕೊಕ್ಕು, ಕಾಲು ನೋಡುತ್ತದೆ. ಬಣ್ಣದ ಬೆನ್ನು ಹತ್ತುವುದಿಲ್ಲ.

ಹಕ್ಕಿ ಗೊತ್ತಿರುವವರು ನಿನ್ನ ಊರಲ್ಲೇ ಇದ್ದಾರೆ, ಅವರನ್ನು ಬಿಟ್ಟು ಪುಸ್ತಕದಿಂದ ಶುರು ಮಾಡಬೇಡ. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತು, ಎಡದಂಡೆ ಕಾಲುವೆ ಇತ್ತ ಬಂದು ಭತ್ತ ಹಬ್ಬುವ ಮೊದಲು ಇದೆಲ್ಲ ಜೋಳದ ಎರೆಭೂಮಿ. ತೆನೆ ಹಾಲುಗಟ್ಟಿದಾಗ ಹೊಲದ ನಡುವೆ ಮಂಚಿಕೆ ಕಟ್ಟಿ, ಕವಣೆ ಹಿಡಿದು, ನಸುಕಿನಿಂದ ಹಕ್ಕಿ ಕಾಯುತ್ತಿದ್ದೆವು. ನಾನೂ ಕಾದಿದ್ದೇನೆ. ಯಾವ ಹಕ್ಕಿ ಒಂಟಿಯಾಗಿ ಬರುತ್ತದೆ, ಯಾವುದು ಹಿಂಡಾಗಿ ಇಳಿಯುತ್ತದೆ, ಯಾವುದು ಕಾಳು ತಿನ್ನದೆ ಬರೀ ಹುಳ ಆರಿಸಿ ಹೋಗುತ್ತದೆ ಎಂಬುದು ಹಕ್ಕಿ ಕಾದವರಿಗೆ ಚೆನ್ನಾಗಿ ಗೊತ್ತು. ಎಪ್ಪತ್ತು ದಾಟಿದ ಅಂಥ ಅಜ್ಜ ಅಜ್ಜಿಯರನ್ನು ಮಕ್ಕಳ ನಡುವೆ ಕೂರಿಸು. ಕೌಜುಗ, ಬೆಳವ, ಗೊರವಂಕ, ಕೆಂಬೂತ, ಕಾಜಾಣ, ಅವರ ಬಾಯಲ್ಲಿ ಇನ್ನೂ ಎಷ್ಟೋ ಹೆಸರುಗಳಿವೆ. ಮಕ್ಕಳು ಅವನ್ನು ಬರೆದುಕೊಳ್ಳಲಿ. ಪುಸ್ತಕ ಆಮೇಲೆ ಬರಲಿ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರ ‘ಅರ್ಲಿ ಬರ್ಡ್’ ತಂಡ ಮಕ್ಕಳಿಗಾಗಿಯೇ ಮಾಡಿದ ಚಿತ್ರಪಟಗಳೂ ಇವೆ, ತರಿಸಿಕೋ.

ಮನೆಮಂದಿ ಬರಬೇಕು ಅಂದೆಯಲ್ಲ. ಬೆಳಗ್ಗೆ ಆರಕ್ಕೆ ತಾಯಂದಿರು ಹೆಂಗೆ ಬರುತ್ತಾರೆ ತಂಗೀ? ನಳದ ನೀರು ಬರುವ ಹೊತ್ತು, ರೊಟ್ಟಿ ಬಡಿಯುವ ಹೊತ್ತು. ಹತ್ತಿ ಬಿಡಿಸುವ ಕಾಲದಲ್ಲಂತೂ ಭಾನುವಾರವೂ ಇಲ್ಲ. ಬೆಳಗಿನ ನಡಿಗೆಗೆ ಮಕ್ಕಳು ಮತ್ತು ಗಂಡಸರು ಬರಲಿ, ತಾಯಂದಿರಿಗಾಗಿ ತಿಂಗಳಿಗೊಂದು ಸಂಜೆ ಯಾರದಾದರೂ ಮಾಳಿಗೆಯ ಮೇಲೆ ಕೂಡಿರಿ. ಚಳಿಗಾಲದಲ್ಲಿ, ಬಿಳಿಜೋಳ ತೆನೆ ಹಿರಿದಾಗ, ಮಧ್ಯ ಏಷ್ಯಾದಿಂದ ಗುಲಾಬಿ ಮೈನಾ ಹಿಂಡು ಬಂದಿರುತ್ತದೆ. ತಲೆ, ರೆಕ್ಕೆ ಕಪ್ಪು, ಮೈ ಗುಲಾಬಿ. ಸೂರ್ಯ ಮುಳುಗುವ ಮುಂಚೆ ಅವು ಸಾವಿರಗಟ್ಟಲೆ ಒಟ್ಟಾಗಿ, ಗಾಳಿಗೆ ಬೀಸಿದ ಕರಿ ಸೆರಗಿನಂತೆ ಬಾನಲ್ಲಿ ಹೊರಳಿ ಮಡಚಿಕೊಳ್ಳುತ್ತವೆ. ಇದಕ್ಕೆ ದುರ್ಬೀನೂ ಬೇಡ. ಶೇಂಗಾ ಹುರಿದುಕೊಂಡು ಕೂತರೆ ಸಾಕು. ಈ ಹಕ್ಕಿ ಕಾಳು ತಿನ್ನುವುದು ನಿಜ, ಮಿಡತೆಗಳನ್ನು ರಾಶಿರಾಶಿ ತಿನ್ನುವುದೂ ಅಷ್ಟೇ ನಿಜ. ಹೊಲವಿರುವ ಮನೆಗಳಲ್ಲಿ ಎರಡನ್ನೂ ಹೇಳು, ಒಂದೇ ಹೇಳಿದರೆ ರೈತರು ನಂಬುವುದಿಲ್ಲ.

ದುರ್ಬೀನು ಕೊಳ್ಳುವುದಾದರೆ 8×40 ಅಂತ ಬರೆದದ್ದು ನೋಡು. ಹೆಚ್ಚು ದೊಡ್ಡದು ಮಾಡಿ ತೋರಿಸುವುದು ಮಕ್ಕಳ ಕೈಯಲ್ಲಿ ನಡುಗುತ್ತದೆ. ಆರು ಮಕ್ಕಳಿಗೆ ಎರಡು ಸಾಕು. ಅದಕ್ಕಿಂತ ಮುಖ್ಯವಾದದ್ದು ನೋಟ್‌ಬುಕ್ಕು. ತಾರೀಖು, ಹೊತ್ತು, ಜಾಗ, ಯಾವ ಹಕ್ಕಿ, ಎಷ್ಟು. ಹೆಸರು ಗೊತ್ತಾಗದಿದ್ದರೆ ಚಿತ್ರ ಬರೆಯಲಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಹಕ್ಕಿ ಎಣಿಕೆ ನಡೆಯುತ್ತದೆ. ನಮ್ಮ ದೇಶ 2013ರಿಂದ ಅದರಲ್ಲಿದೆ. ಹದಿನೈದು ನಿಮಿಷ ಎಣಿಸಿ ‘ಇ-ಬರ್ಡ್’ ಎಂಬ ಜಾಲತಾಣಕ್ಕೆ ಹಾಕಿದರಾಯಿತು. ಇದು ಆಟದ ಕೆಲಸವಲ್ಲ. 2023ರಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಯ ಹಕ್ಕಿಗಳ ಸ್ಥಿತಿ ಹೇಳಿದ್ದು ಸುಮಾರು 30,000 ಸಾಮಾನ್ಯ ಜನ ಹೀಗೆ ಬರೆದಿಟ್ಟ ಪಟ್ಟಿಗಳಿಂದಲೇ. ನಮ್ಮ ರಾಜ್ಯಪಕ್ಷಿ ನೀಲಕಂಠ ದೇಶದಲ್ಲಿ ಕಡಿಮೆಯಾಗುತ್ತಿದೆ ಎಂದು ತಿಳಿದದ್ದೂ ಆ ಪಟ್ಟಿಗಳಿಂದ. ಗಡಿಯಾಚೆ ತೆಲಂಗಾಣದಲ್ಲಿ ಇದನ್ನೇ ಪಾಲಪಿಟ್ಟ ಅಂತ ಕರೆದು ದಸರೆಯ ದಿನ ಹುಡುಕಿ ನೋಡುತ್ತಾರೆ. ಮಾನ್ವಿ ರಸ್ತೆಯ ತಂತಿಗಳ ಮೇಲೆ ಎಷ್ಟು ನೀಲಕಂಠ ಕೂತಿವೆ ಎಂದು ಸಿರವಾರದ ಮಕ್ಕಳು ಹತ್ತು ವರ್ಷ ಎಣಿಸಿಟ್ಟರೆ ಅದಕ್ಕಿಂತ ದೊಡ್ಡ ಪಾಠ ಯಾವ ಶಾಲೆ ಕೊಡಬಲ್ಲದು?

ಮಾಡಬಾರದ್ದೂ ಕೆಲವಿವೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿ ಕರೆಯಬೇಡಿ, ಅದು ವೈರಿ ಬಂತೆಂದು ತಿಳಿದು ಗೂಡು ಬಿಟ್ಟು ಒದ್ದಾಡುತ್ತದೆ. ಗೂಡಿನ ಫೋಟೋ ಬೇಡವೇ ಬೇಡ. ಬೇಸಿಗೆಯಲ್ಲಿ ಬಯಲಿನಲ್ಲಿ ಟಿಟ್ಟಿಭ ತಲೆ ಮೇಲೆ ಕಿರುಚುತ್ತ ಸುತ್ತಿದರೆ ಅಲ್ಲೇ ನಿಲ್ಲಿ, ನೆಲ ನೋಡಿ, ಹಿಂದಕ್ಕೆ ಬನ್ನಿ. ಹರಳುಗಳ ನಡುವೆ ಹರಳಿನ ಬಣ್ಣದವೇ ನಾಲ್ಕು ಮೊಟ್ಟೆ ಇರುತ್ತವೆ. ನಮ್ಮ ರಾಯಚೂರಿನ ಬಿಸಿಲಿಗೆ ಆ ಮೊಟ್ಟೆ ಬೇಯಬಾರದೆಂದು ತಾಯಿ ನೀರಿಗೆ ಹೋಗಿ ಎದೆಯ ಗರಿ ತೋಯಿಸಿಕೊಂಡು ಬಂದು ಮೇಲೆ ಕೂರುತ್ತದೆ. ನಾವು ಅಲ್ಲಿ ಹತ್ತು ನಿಮಿಷ ನಿಂತರೆ ಅಷ್ಟು ಹೊತ್ತು ಮೊಟ್ಟೆಗೆ ನೆರಳಿಲ್ಲ. ಇನ್ನು ಕಾಲುವೆಯ ಇಳಿಜಾರು ಪಾಚಿ ಕಟ್ಟಿರುತ್ತದೆ. ಒಂದು ಮಗುವೂ ದಂಡೆಯಿಂದ ಕೆಳಗಿಳಿಯಬಾರದು, ಪ್ರತಿ ಮೂರು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲೇಬೇಕು. ಇದರಲ್ಲಿ ದಾಕ್ಷಿಣ್ಯ ಬೇಡ. ಯಾರ ಮನೆಯಲ್ಲಾದರೂ ಪಂಜರದಲ್ಲಿ ಗಿಳಿ ಇದ್ದರೆ ಎಲ್ಲರ ಮುಂದೆ ಬಯ್ಯದೆ, ಅದು ಕಾನೂನಿಗೆ ವಿರುದ್ಧವೆಂದು ಮನೆಗೇ ಹೋಗಿ ತಿಳಿಸಿ ಹೇಳು.

ಬೋನಾಳಕ್ಕೂ ಅಂಕಸಮುದ್ರಕ್ಕೂ ಹೋಗೋಣ ತಂಗೀ, ವರ್ಷ ತುಂಬಿದ ಮೇಲೆ. ಆಗ ಮಕ್ಕಳೇ ಬಾಯಿಗೆ ಬೆರಳಿಟ್ಟು ದೊಡ್ಡವರನ್ನು ಸುಮ್ಮನಾಗಿಸುತ್ತಾರೆ. ಸದ್ಯಕ್ಕೆ ಬಸ್ಸಿಗೆ ಕೊಟ್ಟ ಮುಂಗಡ ವಾಪಸ್ ತಗೋ, ಆ ದುಡ್ಡಿಗೆ ಆರು ನೋಟ್‌ಬುಕ್ಕು, ಆರು ಪೆನ್ಸಿಲ್ ಕೊಳ್ಳು. ಕಾಲುವೆಗೆ ನೀರು ಬಿಟ್ಟಿದ್ದಾರೆ, ಜಾಲಿಗಿಡದಲ್ಲಿ ನಿನ್ನೆ ಮೂರು ಉಂಗುರ ಎಣಿಸಿ ಬಂದಿದ್ದೇನೆ. ಭಾನುವಾರ ಆರು ಗಂಟೆಗೆ ನಾನು ಅಲ್ಲಿರುತ್ತೇನೆ, ನೀನು ಮಕ್ಕಳನ್ನು ಕರಕೊಂಡು ಬಾ.