ಆದಿಕಾಲದ ಆರಾಧನೆ

ಯೂರೋಪಿನ ಇತಿಹಾಸದಲ್ಲಿ ಮತಸುಧಾರಣೆಯ ಭಾಗವನ್ನು ಓದಿದವರಿಗೆ ಜಿನೀವದ ಕ್ಯಾಲ್ವಿನನ (1509-1564) ಹೆಸರು ಅಪರಿಚಿತವಲ್ಲ. ಅವನ ಪರಂಪರೆಯವರು ದೇವರಿಗೂ ಮನುಷ್ಯನಿಗೂ ಇರುವ ಸಂಬಂಧವನ್ನೆಲ್ಲ ‘ಒಡಂಬಡಿಕೆ’ ಎಂಬ ಒಂದೇ ಮಾತಿನಿಂದ ವಿವರಿಸಿದರು. ದೇವರು ತಾನೇ ವಿಧಿಸದ ರೀತಿಯಲ್ಲಿ ಅವನನ್ನು ಆರಾಧಿಸಕೂಡದೆಂಬುದು ಅವರ ಇನ್ನೊಂದು ನಿಯಮ. 1646ರಲ್ಲಿ ಲಂಡನ್ನಿನಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣದ 7 ಮತ್ತು 21ನೆಯ ಅಧ್ಯಾಯಗಳಲ್ಲಿ ಇವೆರಡನ್ನೂ ಕಾಣಬಹುದು. ಹಾಗಾದರೆ ಮೋಶೆಯ ಧರ್ಮಶಾಸ್ತ್ರವೂ ದೇವಾಲಯವೂ ಇಲ್ಲದ ಆದಿಕಾಲದ ಜನರು ಯಾವ ವಿಧಿಯಂತೆ ಆರಾಧಿಸಿದರು? ಇದನ್ನೇ ಇಲ್ಲಿ ವಿಚಾರಿಸಿದ್ದೇನೆ.

ಪಾಪಕ್ಕೆ ಮೊದಲು ಆದಾಮನೊಡನೆ ಇದ್ದುದು ಕ್ರಿಯೆಗಳ ಒಡಂಬಡಿಕೆ. ವಿಧೇಯತೆಗೆ ಜೀವ, ಅವಿಧೇಯತೆಗೆ ಮರಣ. ಏದೆನ್ ತೋಟದಲ್ಲಿ ಯಜ್ಞವೇದಿಯಿಲ್ಲ, ಬಲಿಯಿಲ್ಲ. ತೋಟವನ್ನು ವ್ಯವಸಾಯಮಾಡಿ ಕಾಯುವುದೇ ಅವನಿಗೆ ಒಪ್ಪಿಸಿದ ಕೆಲಸ. ಇದಕ್ಕೆ ಬಳಸಿದ ಎರಡು ಹೀಬ್ರೂ ಕ್ರಿಯಾಪದಗಳೇ ಮುಂದೆ ಅರಣ್ಯಕಾಂಡದಲ್ಲಿ ಲೇವಿಯರ ಗುಡಾರದ ಸೇವೆಗೂ ಬರುತ್ತವೆ. ಆದ್ದರಿಂದ ಆ ತೋಟವೇ ಮೊದಲ ಆಲಯವೆಂದು ಈ ಪರಂಪರೆಯ ಹಲವು ಪಂಡಿತರ ಅಭಿಪ್ರಾಯ.

ಪಾಪವಾದ ಮೇಲೆ ಕೃಪೆಯ ಒಡಂಬಡಿಕೆ. ಸ್ತ್ರೀಯ ಸಂತಾನವು ಸರ್ಪದ ತಲೆಯನ್ನು ಜಜ್ಜುವುದೆಂಬ ವಾಗ್ದಾನವೇ ಅದರ ಆರಂಭ. ದೇವರು ಆ ದಂಪತಿಗಳಿಗೆ ಚರ್ಮದ ಉಡುಪನ್ನು ತೊಡಿಸಿದನೆಂಬಲ್ಲಿ ಮೊದಲ ಬಲಿಯನ್ನು ಕಾಣುವವರುಂಟು. ಆದರೆ ಮೂಲದಲ್ಲಿ ಬಲಿಯ ಮಾತಿಲ್ಲ.

ಬಲಿಯ ವಿಧಿ ಎಲ್ಲಿಯೂ ಬರೆದಿಲ್ಲದಿದ್ದರೂ ಕಾಯಿನ ಹೇಬೆಲರು ಕಾಣಿಕೆ ತಂದರು. ಇದಕ್ಕೆ ಕ್ಯಾಲ್ವಿನನ ಸಮಾಧಾನ ಹೀಗೆ: ಹೇಬೆಲನು ನಂಬಿಕೆಯಿಂದ ಅರ್ಪಿಸಿದನೆಂದು ಇಬ್ರಿಯರ ಪತ್ರಿಕೆ ಹೇಳುತ್ತದೆ, ನಂಬಿಕೆಗೆ ದೇವರ ಮಾತೇ ಆಧಾರ, ಆದಕಾರಣ ಅಪ್ಪಣೆ ಇದ್ದಿರಲೇಬೇಕು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತರ್ಕವಿದು. ಅಪ್ಪಣೆಯ ಮಾತುಗಳು ನಮಗೆ ಸಿಕ್ಕುವುದಿಲ್ಲವೆಂಬುದನ್ನು ಮರೆಯಬಾರದು.

ರಜೆಯಲ್ಲಿ ಊರಿಗೆ ಹೋದಾಗ ಈ ಕಥೆಯನ್ನು ತಂದೆಯವರಿಗೆ ಓದಿ ಹೇಳಿದೆ. ಅವರಿಗೆ ಅಕ್ಷರ ಬಾರದು. ಬಾಳೆಲ್ಲ ನೇಗಿಲು ಹಿಡಿದವರು. ಕೇಳಿ ಮುಗಿಸಿ, “ಅಲ್ಲಪ್ಪ, ಕುರಿ ಕಾಯುವವನದು ಆಯ್ತು, ಬೆಳೆದವನ ಕಾಳು ದೇವರಿಗೆ ಯಾಕೆ ಬೇಡವಾಯ್ತು?” ಎಂದರು. ನಮ್ಮ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ಉತ್ತರ ಹೊಳೆಯಲಿಲ್ಲ. ನಾಚಿಕೆಯಾಯಿತು.

ಮರಳಿ ಬಂದು ಮತ್ತೆ ಓದಿದೆ. ರಕ್ತವಿಲ್ಲದ ಕಾಣಿಕೆಯಾದುದರಿಂದ ತಿರಸ್ಕೃತವಾಯಿತೆಂದು ಕೆಲವರ ಮತ. ಆದರೆ ಆದಿಕಾಂಡವು ಅಣ್ಣತಮ್ಮಂದಿರಿಬ್ಬರ ಕಾಣಿಕೆಯನ್ನೂ ‘ಮಿನ್ಹಾ’ ಎಂಬ ಒಂದೇ ಹೀಬ್ರೂ ಪದದಿಂದ ಕರೆಯುತ್ತದೆ. ಯಾಜಕಕಾಂಡದ 2ನೆಯ ಅಧ್ಯಾಯದಲ್ಲಿ ಹಿಟ್ಟು ಎಣ್ಣೆಗಳ ಧಾನ್ಯನೈವೇದ್ಯಕ್ಕೂ ಅದೇ ಹೆಸರು. ಅದು ದೇವರೇ ವಿಧಿಸಿದ ನೈವೇದ್ಯ. ಆದುದರಿಂದ ಕಾಳು ಕೀಳಲ್ಲ. ದೇವರು ಮೊದಲು ಹೇಬೆಲನನ್ನು, ಆಮೇಲೆ ಅವನ ಕಾಣಿಕೆಯನ್ನು ಮೆಚ್ಚಿದನೆಂಬ ವಾಕ್ಯಕ್ರಮದ ಮೇಲೆಯೇ ಕ್ಯಾಲ್ವಿನನು ಒತ್ತು ಕೊಡುತ್ತಾನೆ. ಈ ವಾದವೇ ನನಗೆ ಯುಕ್ತವೆನಿಸುತ್ತದೆ.

ಮುಂದೆ ಸೇತನ ಮಗ ಎನೋಷನ ಕಾಲದಲ್ಲಿ ಜನರು ಯೆಹೋವನ ಹೆಸರನ್ನು ಹೇಳಿ ಆರಾಧಿಸತೊಡಗಿದರು. ಸಾರ್ವಜನಿಕ ಆರಾಧನೆಯ ಮೊದಲ ಹೆಜ್ಜೆ ಇದೆಂದು ಇವರ ವ್ಯಾಖ್ಯಾನ. ಜಲಪ್ರಳಯದ ನಂತರ ನೋಹನು ಯಜ್ಞವೇದಿ ಕಟ್ಟಿ ಶುದ್ಧಪ್ರಾಣಿಗಳನ್ನು ಅರ್ಪಿಸಿದನು. ಶುದ್ಧಾಶುದ್ಧಗಳ ಭೇದ ಮೋಶೆಗಿಂತ ಮೊದಲೇ ತಿಳಿದಿದ್ದುದು ಕ್ಯಾಲ್ವಿನನ ಊಹೆಗೆ ಬಲ ಕೊಡುತ್ತದೆ. ಅಲ್ಲಿ ಪುರೋಹಿತನಿಲ್ಲ, ಮನೆಯ ಯಜಮಾನನೇ ಅರ್ಪಿಸುವವನು.

ದೇವರ ಮಾತು ಮೊದಲು, ಮನುಷ್ಯನ ಕಾಣಿಕೆ ಅದಕ್ಕೆ ಉತ್ತರ. ಈ ಪಂಥದ ಸಿದ್ಧಾಂತದ ಸಾರವಿಷ್ಟೆ.

ಮುಂದಿನ ಸಲ ಊರಿಗೆ ಹೋದಾಗ ತಂದೆಯವರಿಗೆ, “ಕಾಳಿನಲ್ಲಿ ದೋಷವಿರಲಿಲ್ಲವಂತೆ, ಕೊಟ್ಟವನ ಮನಸ್ಸು ಸರಿಯಿರಲಿಲ್ಲವಂತೆ” ಎಂದೆ. ಅವರು, “ಹಾಗೆ ಹೇಳು ಮತ್ತೆ” ಎಂದು ಎತ್ತುಗಳಿಗೆ ನೀರು ಕುಡಿಸಲು ಎದ್ದುಹೋದರು.