ಇಂದಿನ ಧಮ್ಮ ಚಿಂತನೆ: ಗೋಡೆಯ ಮೇಲಿಲ್ಲದ ಹಡಗುಗಳು

 

ಶಾಲೆಯ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ನಾನು ದರಿಯಾ ದೌಲತ್‌ನ ಗೋಡೆಯ ಮುಂದೆ ನಿಂತು ಪೊಳ್ಳಿಲೂರು ಕದನದ ಚಿತ್ರ ವಿವರಿಸುತ್ತಿದ್ದೆ. 1780ರ ಸೆಪ್ಟೆಂಬರ್ 10ರಂದು ಹೈದರ್ ಅಲಿ ಮತ್ತು ಟಿಪ್ಪು ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಪುಡಿಗಟ್ಟಿದ ಕದನ ಅದು. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುವ ಬೇಲಿಯನ್ನು ಕಂಡರೆ ಮಕ್ಕಳಿಗೆ ನಗು.

ಮೂರೇ ತಿಂಗಳಿಗೆ, ಅದೇ ಡಿಸೆಂಬರ್‌ನಲ್ಲಿ, ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು, ಬಂದರಿನಲ್ಲಿ ನಿಂತಿದ್ದ ಹೈದರನ ಯುದ್ಧನೌಕೆಗಳನ್ನು ನಾಶಮಾಡಿದ. ಅದನ್ನು ನಾನು ಯಾವ ಮಗುವಿಗೂ ಹೇಳಲಿಲ್ಲ. ಗೋಡೆಯ ಮೇಲೆ ಅದು ಇರಲಿಲ್ಲವಲ್ಲ! ದರಿಯಾ ದೌಲತ್ ಎಂದರೆ ಸಮುದ್ರದ ಸಂಪತ್ತು ಎಂದು ಮಾತ್ರ ತಪ್ಪದೆ ಹೇಳುತ್ತಿದ್ದೆ.

ನಮ್ಮ ಸೀಮೆಗೆ ಹೈದರ್ ಎಂದರೆ ಕುದುರೆ ದಂಡು. 1764ರಲ್ಲಿ ರಟ್ಟೀಹಳ್ಳಿಯಲ್ಲಿ ಪೇಶ್ವೆ ಮಾಧವರಾಯನಿಗೆ ಸೋತವನು, 1779ರಲ್ಲಿ ಸವಣೂರು ನವಾಬರಿಗೆ ಬೀಗನಾದವನು. ಆದರೆ 1763ರಲ್ಲಿ ಬಿದನೂರು ಗೆದ್ದು ಕರಾವಳಿ ಕೈಗೆ ಬಂದಾಗಲೇ ಅವನು ಹಡಗುಪಡೆ ಕಟ್ಟಲು ತೊಡಗಿದ್ದ. 1768ರಲ್ಲಿ ಇಂಗ್ಲಿಷರು ಮಂಗಳೂರಿಗೆ ಬಂದಾಗ ಆ ಪಡೆ ಒಮ್ಮೆ ಕೈತಪ್ಪಿತು. ಮತ್ತೆ ಕಟ್ಟಿದ. 1780ರಲ್ಲಿ ಮತ್ತೆ ಹೋಯಿತು. ಸಾಯುವ ಮುಂಚೆ ಅವನು ಪೂರ್ಣಯ್ಯನ ಬಳಿ, ನೆಲದ ಮೇಲೆ ಇಂಗ್ಲಿಷರನ್ನು ಎಷ್ಟು ಸೋಲಿಸಿದರೂ ಸಮುದ್ರವನ್ನು ಬತ್ತಿಸುವುದು ತನ್ನಿಂದಾಗದು ಎಂಬರ್ಥದಲ್ಲಿ ಹೇಳಿಕೊಂಡನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ನನಗೆ ಪೊಳ್ಳಿಲೂರಿನ ಗೆಲುವಿಗಿಂತ ಈ ಒಪ್ಪಿಗೆಯೇ ದೊಡ್ಡದಾಗಿ ಕಾಣುತ್ತದೆ.

ಧಮ್ಮಚಕ್ಕಪ್ಪವತ್ತನ ಸುತ್ತದಲ್ಲಿ ಭಗವಾನರು ನಾಲ್ಕು ಸತ್ಯಗಳಿಗೂ ಒಂದೊಂದು ಕೆಲಸ ಹೇಳಿದ್ದಾರೆ. ತೃಷ್ಣೆಯನ್ನು ಬಿಡುವುದು ಎರಡನೆಯ ಸತ್ಯದ ಕೆಲಸ. ಮೊದಲನೆಯದರಲ್ಲಿ, ದುಃಖದ ವಿಷಯದಲ್ಲಿ, ಕೆಲಸ 'ಪರಿಞ್ಞಾ', ಅಂದರೆ ಪೂರ್ತಿಯಾಗಿ ತಿಳಿಯುವುದು. 'ಪರಿ' ಎಂದರೆ ಸುತ್ತಲೂ. ಸುತ್ತ ಹೋಗಿ ಎಲ್ಲ ಕಡೆಯಿಂದ ನೋಡಬೇಕು. ನಾವೋ ಅದನ್ನು ಗೋಡೆಯಿಂದಲೇ ಅಳಿಸಿರುತ್ತೇವೆ.

ನನ್ನ ಪಡಸಾಲೆಯ ಗೋಡೆಯನ್ನೇ ನೋಡಿ. ಸನ್ಮಾನದ ಶಾಲು ಹೊದ್ದ ನಾಲ್ಕು ಫೋಟೋ. ಮಗ ಹಾಸ್ಟೆಲ್‌ನಲ್ಲಿದ್ದಾಗ ಹೊಲದಲ್ಲಿ ಮೂರು ಬೋರ್‌ವೆಲ್ ಕೊರೆಸಿದೆ. ಮೂರರಲ್ಲೂ ಬರೀ ಧೂಳು ಬಂತು. ಮನೆಯಾಕೆಯ ಬಂಗಾರ ಅದರಲ್ಲೇ ಹೋಯಿತು. ಬಾಯಿಗಳಿಗೆ ಕಲ್ಲು ಮುಚ್ಚಿ, ಮಗನಿಗೆ ಹೇಳದಂತೆ ಆಕೆಗೂ ತಾಕೀತು ಮಾಡಿದೆ. ಅಪ್ಪನ ಮರ್ಯಾದೆಯ ಪ್ರಶ್ನೆ! ಹೋದ ವರ್ಷ ಬೇಸಿಗೆಯಲ್ಲಿ ನಾನು ಊರಲ್ಲಿಲ್ಲದಾಗ ಅವನು ಸಾಲ ಮಾಡಿ ಅದೇ ಹೊಲದಲ್ಲಿ ನಾಲ್ಕನೆಯದನ್ನು ಕೊರೆಸಿದ. ಅದೂ ಒಣಗಿದ್ದೇ.

ಆಗಲೂ ಬಾಯಿಬಿಡಲಿಲ್ಲ ನಾನು. ಮೊನ್ನೆ ಹುಣ್ಣಿಮೆಯ ಬೆಳಿಗ್ಗೆ ಧ್ಯಾನ ಮುಗಿದ ಮೇಲೆ ಅವನನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಬದುವಿನ ಪಕ್ಕದ ಮೂರು ಕಲ್ಲುಗಳನ್ನೂ ಒಂದೊಂದಾಗಿ ಸರಿಸಿ ತೋರಿಸಿದೆ. ಬಹಳ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ ಕೂತು, ಯಾವುದು ಎಷ್ಟು ಅಡಿ, ಎಲ್ಲೆಲ್ಲಿ ಬಂಡೆ ಸಿಕ್ಕಿತು ಎಂದು ಕೇಳುತ್ತಾ ಫೋನಿನಲ್ಲಿ ಬರೆದುಕೊಂಡ.